ಮೈಕ್ ಬಂದ್ ಮಾಡಿದ ತಿರುವು

ವಿಟ್ಲದ ಆಸುಪಾಸಿನಲ್ಲಿ ಅಬ್ದುಲ್ ಶುಕೂರ್ ಅವರ ಮುಖ ಗುರುತಿಲ್ಲದವರು ಇರಬಹುದು, ಸ್ವರ ಗುರುತಿಲ್ಲದವರು ಇರಲಾರರು. ಕರೆಂಟು ಹೋಗುವ ದಿನ, ನಾಯಿಗಳಿಗೆ ಚುಚ್ಚುಮದ್ದು, ಮಸೀದಿಯ ಮತಪ್ರವಚನ, ಭಜನಾ ಮಂದಿರದ ವಾರ್ಷಿಕೋತ್ಸವ ಎಲ್ಲವೂ ಊರಿಗೆ ತಿಳಿಯುತ್ತಿದ್ದದ್ದು ಅವರ ರಿಕ್ಷಾದ ತಲೆಯ ಮೇಲೆ ಕಟ್ಟಿದ ಮೈಕಿನ ಹಾರ್ನಿನಿಂದ. ಮೊದಲು ಕಾಗದದಲ್ಲಿದ್ದ ಕನ್ನಡ, ಆಮೇಲೆ ತುಳು, ಬ್ಯಾರಿ ಮುಸ್ಲಿಮರ ಮನೆ ಹೆಚ್ಚಿರುವಲ್ಲಿ ಬ್ಯಾರಿ ಭಾಷೆ. ‘ಸರ್ವ ಗ್ರಾಮಸ್ಥರು ತಪ್ಪದೆ ಹಾಜರಾಗತಕ್ಕದ್ದು’ ಎಂದು ಗಡುಸಾಗಿ ಹೊರಟ ಸ್ವರ ತುಳುವಿಗೆ ಬರುವಾಗ ಮೆತ್ತಗಾಗಿ, ‘ಬನ್ನಿ ಮಾರಾಯ್ರೆ, ಆಮೇಲೆ ಗೊತ್ತೇ ಇರಲಿಲ್ಲ ಅನ್ನಬೇಡಿ’ ಎಂಬಲ್ಲಿಗೆ ಮುಗಿಯುತ್ತಿತ್ತು.

ಗ್ರಾಮಸಭೆ ನಡೆಸುವ ಮೊದಲು ಊರಿಗೆಲ್ಲ ತಿಳಿಸಬೇಕೆಂಬುದು ನಿಯಮ. ಪಂಚಾಯತ್‌ನವರು ಬೋರ್ಡಿಗೆ ನೋಟೀಸು ಅಂಟಿಸುತ್ತಾರೆ; ಅದನ್ನು ಓದುವವರು ಮಳೆ ಬಂತೆಂದು ಜಗಲಿಗೆ ಹತ್ತಿದವರು ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದು ಶುಭೋದಯದ ಹೂವುಗಳ ಅಡಿಗೆ ಹೋಗಿಬಿಡುತ್ತದೆ. ಹಾಗಾಗಿ ಉಳಿಯುತ್ತಿದ್ದದ್ದು ಶುಕೂರ್ ಒಬ್ಬರೇ. ಸುತ್ತು ಮುಗಿಸಿ ಬಂದು, ಎಲ್ಲ ಕಡೆ ಹೇಳಿ ಆಯಿತೆಂದು ಅವರು ಕಚೇರಿಯಲ್ಲಿ ಸಹಿ ಹಾಕಿದರೆ ಊರಿಗೆ ತಿಳಿದಂತೆಯೇ ಲೆಕ್ಕ.

ಮೈಕಿನ ಕೆಲಸಕ್ಕೆ ಅವರದ್ದೇ ಕೆಲವು ಕಟ್ಟಳೆಗಳಿದ್ದವು. ಮಸೀದಿಯ ಬಾಂಗಿನ ಹೊತ್ತಿಗೆ ಮೈಕಿಲ್ಲ. ಹಸಿ ಬಾಣಂತಿಯ ಮನೆಯೆದುರು ಸ್ವರ ಸಣ್ಣ. ಎಳೆಗೂಸು ಹೆಗಲ ಮೇಲಿದ್ದ ಯಾವ ತಾಯಿ ಬಾಗಿಲಲ್ಲಿ ನಿಂತು ಬೆರಳನ್ನು ತುಟಿಗಿಟ್ಟರೂ ಸಾಕು. ಸಾವಿನ ಮನೆಯಿದ್ದರೆ ಈಚೆ ತಿರುವಿನಿಂದ ಆಚೆ ತಿರುವಿನ ತನಕ ಪೂರ್ತಿ ಬಂದ್. ಯಾರ ಸಾವಾದರೂ ಸರಿ, ಯಾವ ಜಾತಿಯಾದರೂ ಸರಿ.

ಆ ಸಲ ಗ್ರಾಮಸಭೆಯ ಪ್ರಚಾರಕ್ಕೆ ಕಲ್ಲಪದವಿನ ಏರು ಹತ್ತುವಾಗ, ಕೂಲಿಕೆಲಸದ ಶೇಷಪ್ಪನ ಅಂಗಳದಲ್ಲಿ ಜನ ಕಂಡಿತು. ಅವನ ತಾಯಿ ಬೆಳಿಗ್ಗೆ ತೀರಿಹೋಗಿದ್ದರು. ಕಲ್ಲಪದವಿಗೆ ಇರುವುದು ಒಂದೇ ದಾರಿ, ಎರಡೇ ತಿರುವು. ಮೈಕ್ ಬಂದ್ ಆಯಿತೆಂದರೆ ಇಡೀ ಕಲ್ಲಪದವಿಗೆ ಬಂದ್ ಆದಂತೆ. ಶುಕೂರ್ ರಿಕ್ಷಾ ನಿಲ್ಲಿಸಿ ಹೋಗಿ ಮುಖ ನೋಡಿದರು, ಅಂಗಳದ ಬೆಂಚಿನಲ್ಲಿ ತುಂಬ ಹೊತ್ತು ಕೂತರು. ಕಲ್ಲಪದವಿನವರೆಲ್ಲ ಅಲ್ಲೇ ಇದ್ದರು. ಸಭೆಯ ವಿಷಯ ನಾಲಿಗೆಯ ತುದಿಗೆ ಬಂತು. ಆದರೆ ಅಂಗಳದಲ್ಲಿ ಹೆಣ ಇರುವಾಗ ಪಂಚಾಯತ್ ಸುದ್ದಿ ಎತ್ತುವುದು ಹೇಗೆ? ಬಾಯಿಂದ ಬಾಯಿಗೆ ಹೇಗೋ ಗೊತ್ತಾದೀತು ಎಂದುಕೊಂಡು ಇಳಿದುಬಂದರು. ಸಂಜೆ ಕಚೇರಿಯಲ್ಲಿ ಎಂದಿನಂತೆ ಸಹಿ ಹಾಕಿದರು.

ಗೊತ್ತಾದದ್ದು ಜೆಸಿಬಿ ಬಂದಾಗ. ಕಲ್ಲಪದವಿನ ಅಂಗನವಾಡಿಯ ಪಕ್ಕದ ಸರಕಾರಿ ಜಾಗ ಸಮತಟ್ಟು ಮಾಡುತ್ತಿದ್ದರು. ಇಡೀ ಗ್ರಾಮದ ಒಣಕಸ ತಂದು ವಿಂಗಡಿಸುವ ಶೆಡ್ಡು ಅಲ್ಲಿ ಬರುವುದೆಂದು ಗ್ರಾಮಸಭೆಯಲ್ಲಿ ತೀರ್ಮಾನವಾಗಿತ್ತಂತೆ. ಅಂಗನವಾಡಿಗೆ ಗೋಡೆಯೂ ಇರಲಿಲ್ಲ, ಬೇಲಿ ಮಾತ್ರ. ಒಣಕಸ ಎಂದು ಹೆಸರಿಟ್ಟರೂ ಅದರ ಜೊತೆ ಡೈಪರು ಬರುತ್ತದೆ, ಒಡೆದ ಗಾಜು ಬರುತ್ತದೆ, ಹಿಂದೆಯೇ ನಾಯಿಗಳು ಬರುತ್ತವೆ. ಮೂರು ವರ್ಷದ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟ ಮೇಲಷ್ಟೇ ನೋಡುವುದು. ಮಗಳನ್ನು ಅಲ್ಲಿಗೆ ಕಳಿಸುತ್ತಿದ್ದ ಬೀಡಿ ಕಟ್ಟುವ ಮೋಹಿನಿ, ಪದವಿನವರನ್ನೆಲ್ಲ ಕರೆದುಕೊಂಡು ಪಂಚಾಯತ್‌ಗೆ ಹೋದಳು.

ಪಿಡಿಒ ಅಶೋಕ್ ಶುಕೂರ್ ಅವರಿಗೆ ಫೋನು ಮಾಡಿದರು.

ಹೊರಡುವಾಗ ಹೆಂಡತಿ ಸೈನಬ ಕೇಳಿದರು, “ಎಂತ ಹೇಳ್ತೀರಿ ಅಲ್ಲಿ?”

“ಹೋಗಿದ್ದೇನೆ ಅಂತ. ಹೋಗಿದ್ದು ಹೌದಲ್ಲ?”

“ಹೋಗಿದ್ದು ಹೌದು. ಮೈಕಿನವರ ಮಾತು ಸುಳ್ಳು ಅಂತ ಒಮ್ಮೆ ಆದ್ರೆ ಮತ್ತೆ ಯಾರು ಕರೀತಾರೆ? ನೋಡಿಕೊಂಡು ಮಾತಾಡಿ.”

ಕಚೇರಿಯಲ್ಲಿ ಜನ ಬಾಗಿಲ ತನಕ ನಿಂತಿದ್ದರು. “ಹೇಳಿ ಬ್ಯಾರಿಗಳೇ, ಕಲ್ಲಪದವಿಗೆ ಹೋಗಿದ್ದೀರೋ ಇಲ್ವೋ?” ಎಂದರು ಅಶೋಕ್.

“ಹೋಗಿದ್ದೇನೆ ಸಾರ್.”

“ಕೇಳಿದ್ರಲ್ಲ? ಪ್ರಚಾರ ಸರಿಯಾಗಿ ಆಗಿದೆ. ಸಭೆಗೆ ಬರದೆ ಈಗ ಬಂದು ಗಲಾಟೆ ಮಾಡಿದ್ರೆ ನಾನೆಂತ ಮಾಡ್ಲಿ?”

ಮೋಹಿನಿ ಬಿಡಲಿಲ್ಲ. “ರಿಕ್ಷಾ ಬಂದದ್ದು ನಾವೂ ನೋಡಿದ್ದೇವೆ ಸಾರ್. ಸ್ವರ ಎಲ್ಲಿಗೆ ಹೋಗಿತ್ತು ಕೇಳಿ. ನೆಗಡಿಯಾ?”

ಯಾರೋ ನಕ್ಕರು. ಹಿಂದಿನಿಂದ ಶೇಷಪ್ಪ ಮುಂದೆ ಬಂದ. ತಾಯಿಯ ಬೊಜ್ಜಕ್ಕೆ, ಉತ್ತರಕ್ರಿಯೆಗೆಂದು, ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು.

“ಅವರಿಗೆ ತಮಾಷೆ ಮಾಡ್ಬೇಡ ಮೋಹಿನಿ. ನಮ್ಮ ಅಮ್ಮ ಅಂಗಳದಲ್ಲಿ ಮಲಗಿದ್ರು ಅಂತ ಅವರು ಮೈಕ್ ಬಂದ್ ಮಾಡಿದ್ದು. ಒಳಗೆ ಬಂದು ಕೂತು ಹೋಗಿದ್ದಾರೆ. ಸ್ವಂತ ನೆಂಟರು ಬರ್ಲಿಲ್ಲ ಅವತ್ತು. ಆ ಉಪಕಾರ ಮರೆಯಲಿಕ್ಕೆ ಉಂಟಾ?”

ಅಶೋಕ್ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಅಲ್ಲಿ ಹೇಳಿಲ್ಲ.”

ತಾನು ಎಂತ ಹೇಳಿದೆ ಎಂದು ಶೇಷಪ್ಪನಿಗೆ ಆಗ ಹೊಳೆಯಿತು. ಅವನು ಶುಕೂರ್ ಅವರ ಮುಖ ನೋಡಿದ.

“ಹೇಳಿಲ್ಲ ಸಾರ್,” ಎಂದರು ಶುಕೂರ್. “ಮೈಕ್ ಇಲ್ಲದಿದ್ರೂ ಬಾಯಿ ಇತ್ತು. ಆದ್ರೂ ಹೇಳಿಲ್ಲ. ಸಹಿ ಹಾಕಿದ್ದು ತಪ್ಪು.”

“ಮೈಕ್ ಹಾಕಿದ್ರೂ ಅಜ್ಜಿ ಏಳ್ತಿರಲಿಲ್ಲ ಶುಕೂರಾಕ,” ಎಂದಳು ಮೋಹಿನಿ, ಈ ಸಲ ಮೆಲ್ಲಗೆ. “ನಾವಾದ್ರೂ ಏಳ್ತಿದ್ದೆವು.”

ಹೇಳಿಲ್ಲ ಎಂಬುದನ್ನೇ ಅಶೋಕ್ ಶುಕೂರ್ ಅವರಿಂದ ಬರೆಸಿಕೊಂಡರು. ಆ ಸಭೆಯ ತೀರ್ಮಾನ ರದ್ದಾಗಿ ಜೆಸಿಬಿ ವಾಪಸು ಹೋಯಿತು. ಮತ್ತೆ ಸಭೆ ಕರೆದಾಗ ಕಲ್ಲಪದವಿನವರು ಮಕ್ಕಳನ್ನೂ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು, ಶೆಡ್ಡು ಸಂತೆಕಟ್ಟೆಯ ಹಿಂದಿನ ಜಾಗಕ್ಕೆ ಹೋಯಿತು. ಆದರೆ ಆ ಸಭೆಯ ಪ್ರಚಾರ ಮಾಡಿದ್ದು ಶುಕೂರ್ ಅಲ್ಲ. ನಿಝಾರ್ ಎಂಬವನ ಪಿಕಪ್ಪು. ಅದರಲ್ಲಿ ರೆಕಾರ್ಡು ಮಾಡಿದ ಹೆಂಗಸಿನ ಸ್ವರ, ಬರೀ ಕನ್ನಡ. ಅದು ಬಾಂಗಿಗೂ ನಿಲ್ಲುವುದಿಲ್ಲ, ಬಾಣಂತಿಗೂ ನಿಲ್ಲುವುದಿಲ್ಲ. ಹೇಳಿಲ್ಲ ಎಂದು ಅದರ ಮೇಲೆ ಯಾರೂ ದೂರು ಹೇಳುವ ಹಾಗೂ ಇಲ್ಲ.

ಶುಕೂರ್ ಈಗ ಹೆಚ್ಚಾಗಿ ಬಾಡಿಗೆಯನ್ನೇ ಓಡಿಸುತ್ತಾರೆ. ಹಾರ್ನು ಬಿಚ್ಚಿಲ್ಲ, ಮಸೀದಿಯವರು, ಭಜನಾ ಮಂದಿರದವರು ಇನ್ನೂ ಕರೆಯುತ್ತಾರೆ. ಕಳೆದ ಗ್ರಾಮಸಭೆಯ ಪ್ರಚಾರದ ದಿನ ಕೆಳಗಿನ ಪೇಟೆಯ ಹತ್ತಿರ ಅಬ್ಬಾಸ್ ಎಂಬವರು ತೀರಿಕೊಂಡಿದ್ದರು. ಪಿಕಪ್ಪು ಕೂಗುತ್ತ ಬರುವುದು ಕೇಳಿ ಶುಕೂರ್ ತಿರುವಿನಲ್ಲಿ ರಿಕ್ಷಾ ಅಡ್ಡ ನಿಲ್ಲಿಸಿದರು.

“ಎಂತ ಮಾರಾಯ್ರೆ, ನನಗೆ ಇನ್ನೂ ಅರ್ಧ ಗ್ರಾಮ ಸುತ್ತಲಿಕ್ಕೆ ಉಂಟು,” ಎಂದ ನಿಝಾರ್.

“ಸುತ್ತು. ಮರಣದ ಮನೆ ಉಂಟು, ಆ ತಿರುವಿನ ತನಕ ಬಂದ್ ಮಾಡು.”

“ಆಮೇಲೆ ಕೇಳಿಲ್ಲ ಅಂತ ಬಂದ್ರೆ? ನಿಮಗೆ ಆದದ್ದು ಗೊತ್ತುಂಟಲ್ಲ?”

“ಇಲ್ಲಿನದ್ದು ನಾನು ಹೇಳ್ತೇನೆ.”

ಪಿಕಪ್ಪು ಸದ್ದಿಲ್ಲದೆ ದಾಟಿತು. ಶುಕೂರ್ ರಿಕ್ಷಾ ಅಲ್ಲೇ ಬಿಟ್ಟು ಮನೆಮನೆ ಹತ್ತಿಳಿದು, ದಿನ, ಜಾಗ ಹೇಳಿದರು. ಕೊನೆಗೆ ಮರಣದ ಮನೆಗೆ ಹೋದರು. ಮುಖ ನೋಡಿ ಹೊರಗೆ ಬಂದಾಗ ಯಾರೋ ಕುರ್ಚಿ ಎಳೆದುಕೊಟ್ಟರು. ಅವರು ಕೂರಲಿಲ್ಲ. ಅಂಗಳದಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ಹೋಗಿ, ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಗ್ರಾಮಸಭೆಯ ವಿಷಯ ಹೇಳಿದರು.