ಮೇಸ್ತ್ರಿಯ ಮೂರು ಚುಕ್ಕಿ

ಅವನಿಗೆ ತುಕ್ಕಪ್ಪ ಅಂತ ಹೆಸರು ಬಿದ್ದದ್ದು ಸುಮ್ಮಸುಮ್ಮನೆ ಅಲ್ಲ. ಗುಜರಿ ಅಂಗಡಿಯ ಮುಂದೆ ಹಾದರೆ ಸಾಕು, ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಕಬ್ಬಿಣದ ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ, ಬೇರೆಯವರು ಮುಟ್ಟಲೂ ಹೇಸುವ ಒಂದು ತುಕ್ಕಿನ ಮುದ್ದೆಯನ್ನು ಎಳೆದು ತೆಗೆದು, ಮಗುವಿನ ಮೂಗು ಒರೆಸುವ ಹಾಗೆ ಹೆಬ್ಬೆರಳಿನಿಂದ ಒರೆಸಿ ನೋಡುವನು. ನಾಲ್ಕು ದಿನ ಸೀಮೆಎಣ್ಣೆಯಲ್ಲಿ ನೆನೆದು, ತಂತಿ ಬ್ರಷ್ಷಿನ ಏಟು ತಿಂದು, ಎಮರಿ ಕಾಗದದ ಕೈಗೆ ಸಿಕ್ಕ ಮೇಲೆ ಆ ಮುದ್ದೆ ಸ್ಪ್ಯಾನರ್ ಆಗಿ ಹೊಳೆಯುತ್ತಿತ್ತು.

ಈ ಹುಚ್ಚಿಗೆ ಕಾರಣವಿತ್ತು. ಅವನು ರಿಪೇರಿ ಮಾಡುತ್ತಿದ್ದದ್ದು ಎಂಬತ್ತು ತೊಂಬತ್ತು ವರ್ಷ ಹಳೆಯ ಕಾರುಗಳನ್ನು. ಅವುಗಳ ನಟ್ಟುಗಳ ಅಳತೆಯೇ ಬೇರೆ. ಈಗಿನ ಸ್ಪ್ಯಾನರ್ ಒಂದೋ ಕೂರುವುದಿಲ್ಲ, ಇಲ್ಲವೇ ಜಾರಿ ನಟ್ಟಿನ ಮೂಲೆಗಳನ್ನೆಲ್ಲ ತಿಂದುಹಾಕುತ್ತದೆ. ಆ ಕಾರುಗಳ ಕಾಲದ ಹತ್ಯಾರುಗಳೇ ಬೇಕು. ಅಂಥದ್ದರ ಪೂರ್ತಿ ಸೆಟ್ಟು ಊರಿನಲ್ಲಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಹತ್ತಿರ.

ಕಲಿಸಿದ್ದು ಅಂದರೆ ಹೇಗೆ! ಕಣ್ಣಿಗೆ ಬಟ್ಟೆ ಕಟ್ಟಿ, ಅಂಗೈಗೆ ಒಂದು ಸ್ಪ್ಯಾನರ್ ಇಟ್ಟು, ಅಳತೆ ಹೇಳು ಅನ್ನುತ್ತಿದ್ದರು. ತಪ್ಪು ಹೇಳಿದರೆ ಅದರಿಂದಲೇ ಬೆರಳ ಗೆಣ್ಣಿಗೆ ಏಟು. "ಎಂಜಿನ್ ಕೆಳಗೆ ಮಲಗಿದಾಗ ಕಣ್ಣು ದಂಡ ಕಣೋ. ಕೈಯಲ್ಲಿ ನೋಡೋದು ಕಲಿ." ಹನ್ನೆರಡು ವರ್ಷ ಹಾಗೆ ಏಟು ತಿಂದು ಕಲಿತ. ಹದಿಮೂರನೆಯ ವರ್ಷ, ಎಂಜಿನ್ನಿನ ವಾಲ್ವ್ ಕೂರುವ ಜಾಗ ಕೆರೆಯುವ ಕಟ್ಟರ್ ಒಂದು ಕಾಣೆಯಾಯಿತು. ಗಿರಾಕಿಗಳ ಎದುರಿಗೇ "ಕಳ್ಳ ನನ್ಮಗನೇ" ಅಂದು ಕತ್ತು ಹಿಡಿದು ಹೊರಗೆ ದಬ್ಬಿದರು. ಎರಡು ವಾರದ ಮೇಲೆ ಆ ಕಟ್ಟರ್ ಒಂದು ಕಾರಿನ ಸೀಟಿನ ಅಡಿ ಸಿಕ್ಕಿತಂತೆ. ಮೇಸ್ತ್ರಿ ಆಡಿದ ಮಾತನ್ನು ವಾಪಸ್ ತಗೊಳ್ಳಲಿಲ್ಲ. ಇವನೂ ಮರೆಯಲಿಲ್ಲ.

ವರ್ಷಗಳು ಕಳೆದು ಮೇಸ್ತ್ರಿಯ ಕಣ್ಣಿನ ನರ ಒಣಗಿ ಪೂರಾ ಕತ್ತಲಾಯಿತು. ಹೆಂಡತಿ ಮೊದಲೇ ಹೋಗಿದ್ದಳು. ಮಗ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ನೋಡಿಕೊಳ್ಳುತ್ತಿದ್ದವಳು ಸೊಸೆ. ಮೇಸ್ತ್ರಿಗೆ ಉಳಿದದ್ದು ಒಂದೇ ಕೆಲಸ. ಬೆಳಿಗ್ಗೆ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲ ಷೆಡ್ಡಿಗೆ ಹೋಗಿ, ಗೋಡೆಯ ಹಲಗೆಗೆ ನೇತುಹಾಕಿದ ಹತ್ಯಾರುಗಳನ್ನು ಒಂದೊಂದಾಗಿ ಇಳಿಸಿ, ತಡವಿ, ಎಣ್ಣೆ ಬಟ್ಟೆಯಿಂದ ಒರೆಸಿ ಮತ್ತೆ ನೇತುಹಾಕುವುದು. ಅಷ್ಟು ಮಾಡಿ ಬಂದರೆ ಮುಖಕ್ಕೆ ಒಂದು ಕಳೆ ಬರುತ್ತಿತ್ತು.

ತುಕ್ಕಪ್ಪ ಹೋಗಿ ಕೇಳಿದ. "ಮೇಸ್ತ್ರಿ, ನಿಮಗೆ ಇನ್ನು ಯಾಕೆ ಅವು? ನಂಗೆ ಕೊಡಿ, ಕೆಲಸಕ್ಕೆ ಬರುತ್ತೆ."

"ನಾನು ಸತ್ತ ಮೇಲೆ ಬಾ," ಅಂದರು ಮೇಸ್ತ್ರಿ. "ಆಗಲೂ ಕೊಡಬೇಡಿ ಅಂತ ಹೇಳಿಯೇ ಸಾಯ್ತೀನಿ."

ಗೇಟಿನವರೆಗೆ ಬಂದ ಸೊಸೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಅಣ್ಣ, ಆ ಷೆಡ್ಡು ಖಾಲಿಯಾದರೆ ನಾನು ಎರಡು ಹೊಲಿಗೆ ಮಿಷನ್ ಹಾಕ್ಕೋಬಹುದು. ಮಾವನಿಗೆ ಹೇಗೂ ಕಾಣೋದಿಲ್ಲ. ಒಂದು ತಗೊಂಡು ಹೋದರೆ ಇನ್ನೊಂದು ತಂದು ಇಡಿ; ಆ ಗುಜರಿನ ಆಮೇಲೆ ಒಂದು ಪೆಟ್ಟಿಗೇಲಿ ಹಾಕಿ ಅವರ ಮಂಚದ ಹತ್ತಿರ ಇಟ್ಟರಾಯ್ತು. ಮುಟ್ಟೋಕೆ ಏನಾದರೂ ಇದ್ದರೆ ಸಾಕಲ್ವಾ ಅವರಿಗೆ?"

ತುಕ್ಕಪ್ಪ "ಛೆ" ಅಂದು ಗೇಟು ಎಳೆದುಕೊಂಡು ಹೊರಟ. ಮನೆ ಮುಟ್ಟುವ ಹೊತ್ತಿಗೆ ಅದೇ ಸರಿ ಅನ್ನಿಸಿತ್ತು.

ಮೊದಲು ಹೋದದ್ದು ಒಂದು ದೊಡ್ಡ ಸ್ಪ್ಯಾನರ್. ಅದರ ಜಾಗಕ್ಕೆ ಅಷ್ಟೇ ಉದ್ದದ, ಬಾಯಿ ಸವೆದ ಒಂದು ಕಳಪೆ ಮಾಲು ಬಂತು. ಮಾರನೆಯ ದಿನವೇ ಮೇಸ್ತ್ರಿ ಷೆಡ್ಡಿನಿಂದ ಕೂಗಿಕೊಂಡರು. "ಇದು ನಂದಲ್ಲ! ನನ್ನ ಮೂರು ಚುಕ್ಕಿ ಎಲ್ಲಿ?" ತಮ್ಮ ಪ್ರತಿ ಹತ್ಯಾರಿನ ಹಿಡಿಗೂ ಅವರು ಮೊನಚು ಉಳಿಯಿಂದ ಮೂರು ಚುಕ್ಕಿ ಹೊಡೆದಿದ್ದರು. ಸೊಸೆ ಹೇಗೋ ತೇಪೆ ಹಾಕಿ ಸಮಾಧಾನ ಮಾಡಿದಳು. ಆಮೇಲೆ ತುಕ್ಕಪ್ಪ ಎಚ್ಚೆತ್ತುಕೊಂಡ. ತಂದಿಡುವ ಪ್ರತಿ ಕಳಪೆ ಮಾಲಿನ ಮೇಲೂ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ ಮೂರು ಚುಕ್ಕಿ ಹೊಡೆದ. ಒಯ್ದ ಅಸಲಿ ಹತ್ಯಾರುಗಳ ಮೇಲಿನ ಚುಕ್ಕಿಗಳನ್ನು ಅರದಿಂದ ಉಜ್ಜಿ, ನುಣ್ಣಗೆ ಪಾಲಿಷ್ ಮಾಡಿದ. ಉಜ್ಜುವಾಗ ಅವನಿಗೆ ಬೆರಳ ಗೆಣ್ಣಿಗೆ ಬಿದ್ದ ಏಟು ನೆನಪಾಗುತ್ತಿತ್ತು. ಕೈ ಇನ್ನೂ ಜೋರಾಗಿ ಓಡುತ್ತಿತ್ತು.

ವಾರಕ್ಕೊಂದರಂತೆ ಹಲಗೆ ಬದಲಾಯಿತು. ಮೇಸ್ತ್ರಿ ಒಂದೊಂದನ್ನೂ ಹಿಡಿದು ತೂಗಿ ನೋಡುವರು. ಭಾರ ಬೇರೆ, ಬಾಯಿಯ ಅಂಚು ಬೇರೆ. ಹೆಬ್ಬೆರಳು ಆಡಿಸಿದರೆ ಚುಕ್ಕಿ ಮಾತ್ರ ಮೂರೂ ಇವೆ.

"ಇದು ನಂದೇನಮ್ಮಾ?"

"ಇನ್ಯಾರದು ಮಾವ? ನಿಮ್ಮ ಕೈಗೆ ವಯಸ್ಸಾಯ್ತು ಅಷ್ಟೇ."

ಆ ಮಾತು ಮೇಸ್ತ್ರಿಯೊಳಗೆ ಮೊಳೆಯ ಹಾಗೆ ಇಳಿಯಿತು. ಮೊದಲು ಷೆಡ್ಡಿಗೆ ಹೋಗುವುದು ನಿಂತಿತು. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಬಿಟ್ಟರು. ಬಿಸಿ ಲೋಟ ಎತ್ತುವಾಗ ಇದು ಬಿಸಿಯೋ ತಣ್ಣಗೋ ಎಂದು ತಮ್ಮ ಬೆರಳನ್ನೇ ನಂಬದೆ ಅನುಮಾನಿಸಿ, ಮೈಮೇಲೆ ಚೆಲ್ಲಿಕೊಂಡರು. ಕೊನೆಗೆ ಊಟಕ್ಕೂ ಸೊಸೆಯ ಚಮಚವೇ ಗತಿಯಾಯಿತು. ಷೆಡ್ಡಿನ ಆಸೆಗೆ ಬಾಯಿ ಬಿಟ್ಟ ತಪ್ಪಿಗೆ ಅವಳ ಬೆನ್ನಿಗೆ ಇನ್ನೊಂದು ಹೊರೆ ಬಿತ್ತು. ಆದರೂ ಅವಳು ಗುಟ್ಟು ಬಿಟ್ಟುಕೊಡಲಿಲ್ಲ.

ತುಕ್ಕಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದ. ಅಷ್ಟರಲ್ಲಿ ಒಂದು ಹಳೇ ಕಾರಿನ ಬೇರಿಂಗು ಅವನನ್ನು ಸತಾಯಿಸತೊಡಗಿತು. ಒಳಗಿನ ಮೆತ್ತನೆಯ ಲೋಹವನ್ನು ಕೂದಲೆಳೆಯಷ್ಟೇ ಕೆರೆದು ಕೂರಿಸಬೇಕು. ಮೇಸ್ತ್ರಿಯ ಸ್ಕ್ರೇಪರ್ ಅವನ ಕೈಯಲ್ಲೇ ಇತ್ತು, ಕನ್ನಡಿಯ ಹಾಗೆ ಸಾಣೆ ಹಿಡಿದಿದ್ದ. ಆದರೆ ಯಾವ ಓರೆಯಲ್ಲಿ ಹಿಡಿಯಬೇಕೋ ಅದು ಮೇಸ್ತ್ರಿಗೊಬ್ಬರಿಗೇ ಗೊತ್ತು. ನಾಚಿಕೆ ಬಿಟ್ಟು ಮುಂಬಾಗಿಲಿನಿಂದ ಹೋದ.

ಸೊಸೆ ಅನ್ನ ತಿನ್ನಿಸುತ್ತಿದ್ದಳು. ಮೇಸ್ತ್ರಿಯ ಎರಡೂ ಕೈ ತೊಡೆಯ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು. ತುಕ್ಕಪ್ಪ ವಿಷಯ ಹೇಳಿ ಸ್ಕ್ರೇಪರನ್ನು ಅವರ ಅಂಗೈಯಲ್ಲಿಟ್ಟ. ಮುದುಡಿದ್ದ ಬೆರಳುಗಳು ಒಮ್ಮೆಲೇ ಜೀವ ಬಂದಂತೆ ಅದನ್ನು ತಬ್ಬಿದವು. ಮಣಿಕಟ್ಟು ತಾನಾಗಿ ಓರೆಯಾಯಿತು. "ಇಷ್ಟು ವಾಲಿಸು. ಒತ್ತಬೇಡ, ಅದರ ಪಾಡಿಗೆ ಜಾರಲಿ. ನಿನ್ನ ಕಡೆಗೆ ಎಳ್ಕೋ..." ಮೇಸ್ತ್ರಿ ಹೇಳುತ್ತಿದ್ದಂತೆಯೇ ಹಿಡಿಯ ಮೇಲೆ ಹೆಬ್ಬೆರಳು ಏನನ್ನೋ ಹುಡುಕಿ, ನುಣ್ಣಗಿದ್ದುದನ್ನು ಕಂಡು ನಿಂತಿತು.

"ತಗೋಳಪ್ಪ. ಇದು ನಂದೇ ಅನ್ನಿಸಿಬಿಡ್ತು. ಕೈ ಪೂರಾ ಹೋಯ್ತು ನಂದು."

ಸೊಸೆ ಬೇಡ ಎಂದು ತಲೆ ಆಡಿಸುತ್ತಿದ್ದಂತೆಯೇ ತುಕ್ಕಪ್ಪ ಬಾಯಿ ಬಿಟ್ಟ. "ಅದು ನಿಮ್ಮದೇ ಮೇಸ್ತ್ರಿ. ಎಲ್ಲ ನಾನೇ ಕದ್ದೆ. ಗೋಡೆ ಮೇಲಿರೋದು ಬರೀ ಗುಜರಿ. ಚುಕ್ಕಿ ಹೊಡೆದೋನೂ ನಾನೇ. ನಿಮ್ಮ ಕೈ ಸರಿಯಾಗೇ ಇದೆ."

ಮೇಸ್ತ್ರಿ ಕೈ ಚಾಚಿ ಅವನ ಮಂಡಿಯನ್ನು ಹುಡುಕಿ ತಟ್ಟಿದರು.

"ಅವತ್ತು ಸುಮ್ಮನೆ ನಿನ್ನನ್ನ ಕಳ್ಳ ಅಂದೆ. ಇವತ್ತು ಈ ಮುದುಕನ ಸಮಾಧಾನಕ್ಕೆ ಆ ಹೆಸರನ್ನೇ ತಲೆ ಮೇಲೆ ಹೊತ್ಕೊಂಡು ಬಂದೆಯಾ? ನೀನು ಬಂಗಾರದಂಥವನು ಕಣೋ. ತಪ್ಪಾಯ್ತು ನಂದು."

"ಇಲ್ಲ ಮೇಸ್ತ್ರಿ, ನಿಜವಾಗ್ಲೂ..."

"ಸಾಕು ಬಿಡು. ಹೆಚ್ಚು ಹೇಳಿದರೆ ಅಳು ಬರುತ್ತೆ." ಸೊಸೆಯ ಕಡೆ ತಿರುಗಿದರು. "ಗೋಡೆ ಮೇಲಿರೋದನ್ನೆಲ್ಲ ಇವನಿಗೆ ಕಟ್ಟಿಕೊಡಮ್ಮ. ಇವನಿಗಿಂತ ಬೇಕಾದವರು ಯಾರಿದ್ದಾರೆ?"

ಸೊಸೆ ತುಕ್ಕಪ್ಪನ ಮುಖ ನೋಡದೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟಳು. ತಾನೇ ತಂದಿಟ್ಟ ಕಳಪೆಯನ್ನು ಅವನು ಹೆಗಲಿಗೇರಿಸಿ ಹೊರಟ. ಹಿಂದಿನಿಂದ ಮೇಸ್ತ್ರಿ, "ಜೋಪಾನ ಕಣೋ, ಬಹಳ ಭಾರ ಇದೆ," ಅಂದರು.

ಬೇರಿಂಗು ಕೂತಿತು, ಕಾರು ಓಡಿತು, ಊರೆಲ್ಲ ಹೊಗಳಿತು. ಷೆಡ್ಡಿಗೆ ಹೊಲಿಗೆ ಮಿಷನ್‌ಗಳು ಬಂದವು. ಮೇಸ್ತ್ರಿ ಇನ್ನೂ ಎರಡು ವರ್ಷ ಬದುಕಿದರು. ಬಂದವರಿಗೆಲ್ಲ ತಮ್ಮ ಶಿಷ್ಯನ ಒಳ್ಳೆಯತನ ಹೇಳಿ, ಚಮಚಕ್ಕೆ ಬಾಯಿ ತೆರೆಯುತ್ತಿದ್ದರು. ಅವನನ್ನು ಕರೆತನ್ನಿ ಎಂದು ನಾಲ್ಕು ಸಲ ಹೇಳಿ ಕಳಿಸಿದರು. ಕೆಲಸ ಜಾಸ್ತಿ ಇದೆ ಅಂತ ತುಕ್ಕಪ್ಪ ನಾಲ್ಕು ಸಲವೂ ಹೇಳಿ ಕಳಿಸಿದ.