ಓಡುವ ಬಟನ್ ಬಿಟ್ಟು ಗೆದ್ದ ಶುಕ್ರವಾರಗಳು

ಬಹ್ರೇನಿನಲ್ಲಿ ನಮ್ಮ ಭಾನುವಾರ ಶುಕ್ರವಾರಕ್ಕೇ ಬರುತ್ತಿತ್ತು. ಬೆಳಿಗ್ಗೆ ಮನಾಮಾದ ಇಗರ್ಜಿಯಲ್ಲಿ ಪೂಜೆ, ಮಧ್ಯಾಹ್ನ ಮೀನಿನ ಗಸಿ. ಊಟ ಮುಗಿದದ್ದೇ ನರ್ಸ್ ಆಗಿದ್ದ ನನ್ನ ಹೆಂಡತಿ ಡ್ಯೂಟಿಗೆ ಹೊರಡುತ್ತಿದ್ದಳು. ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿನಲ್ಲಿ ಆಮೇಲೆ ಉಳಿಯುತ್ತಿದ್ದದ್ದು ನಾನು, ಹನ್ನೊಂದು ವರ್ಷದ ಮಗಳು ಮತ್ತು ಒಂದು ಫುಟ್‌ಬಾಲ್ ವಿಡಿಯೋ ಗೇಮ್. ಉಳಿದ ದಿನಗಳಲ್ಲಿ ಹಿದ್ ಬಂದರಿನ ಶಿಪ್ಪಿಂಗ್ ಆಫೀಸಿನಿಂದ ನಾನು ಮನೆ ಸೇರುವಾಗ ಅವಳು ಹೋಂವರ್ಕಿನಲ್ಲಿ ಮುಳುಗಿರುತ್ತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದದ ಉತ್ತರ. ಆಟಕ್ಕೆ ಕೂತರೆ ಮಾತ್ರ ಅವಳ ಬಾಯಿಗೆ ಕನ್ನಡ ತಾನಾಗಿ ಬರುತ್ತಿತ್ತು. ಅಪ್ಪನನ್ನು ಗೇಲಿ ಮಾಡಲು ಅದೇ ಅನುಕೂಲವಾಗಿತ್ತೋ ಏನೋ. ಆ ಎರಡು ಗಂಟೆಯೂ ಹೋದರೆ ಮಗಳೇ ಕೈತಪ್ಪಿ ಹೋಗುತ್ತಾಳೆ ಎಂಬ ಹೆದರಿಕೆ ನನಗಿತ್ತು.

ಆದರೆ ನಾನು ನಗುನಗುತ್ತ ಸೋಲುವ ಜಾತಿಯವನಲ್ಲ. ಒಂದು ಶುಕ್ರವಾರ ಏಳು ಗೋಲು ತಿಂದು, ಒಂದನ್ನೂ ಹೊಡೆಯದೆ, ಕಂಟ್ರೋಲರನ್ನು ಸೋಫಾದ ಮೇಲೆ ಎಸೆದೆ. ಇದು ನನ್ನಂಥವರಿಗೆ ಹೇಳಿದ್ದಲ್ಲ, ಇನ್ನು ಆಡುವುದಿಲ್ಲ ಎಂದು ಎದ್ದುಹೋದೆ. ಅಡುಗೆಮನೆಯಲ್ಲಿ ಚಾ ಕುಡಿಯುತ್ತ ನಿಂತಾಗ ನಾಚಿಕೆಯಾಯಿತು. ಹೀಗೆ ಸೋಲುವ ಅಪ್ಪನ ಜೊತೆ ಅವಳಾದರೂ ಎಷ್ಟು ದಿನ ಆಡಿಯಾಳು? ಕಲಿತೇ ತೀರುತ್ತೇನೆ ಎಂದು ಹಟ ತೊಟ್ಟೆ.

ಹಡಗಿನ ಕಾಗದಪತ್ರಗಳನ್ನು ತಾಳೆ ನೋಡುವುದು ನನ್ನ ಕೆಲಸ. ಒಂದು ಪೆಟ್ಟಿಗೆ ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಬೀಳಬೇಕು. ಅದೇ ಚಾಳಿಯಲ್ಲಿ ಆಟವನ್ನೂ ಬಿಡಿಸಿ ನೋಡತೊಡಗಿದೆ, ಅದಕ್ಕೊಂದು ನೋಟ್‌ಬುಕ್ ಕೂಡ ಇಟ್ಟೆ. ಓಡುವ ಬಟನ್ ಒತ್ತಿ ಹಿಡಿದರೆ ಆಟಗಾರನೇನೋ ಓಡುತ್ತಾನೆ, ಆದರೆ ಚೆಂಡು ಅವನ ಕಾಲಿನಿಂದ ಎರಡು ಮಾರು ಮುಂದೆ ಹೋಗಿ ಎದುರಾಳಿಯ ಪಾಲಾಗುತ್ತದೆ. ತಿರುಗುವಾಗ ಆ ಬಟನ್ ಬಿಟ್ಟರೆ ಚೆಂಡು ಕಾಲು ಬಿಡುವುದಿಲ್ಲ. ಇನ್ನು ರಕ್ಷಣೆಗೆ ಯಂತ್ರ ನಮ್ಮ ಕೈಗೆ ಕೊಡುವುದು ಚೆಂಡಿಗೆ ಹತ್ತಿರ ಇರುವವನನ್ನು, ನಿಜಕ್ಕೂ ಬೇಕಾದವನನ್ನಲ್ಲ. ಸಿಕ್ಕಿದನಲ್ಲಾ ಎಂದು ಅವನನ್ನು ಓಡಿಸಿದಿರೋ, ಅವನು ಬಿಟ್ಟುಬಂದ ಜಾಗದಿಂದಲೇ ಗೋಲು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯ ಮೇಲೆಯೇ ಇಡೀ ಆಟ ಕಟ್ಟಿದ್ದಾರೆ ಎಂದು ಬರೆದುಕೊಂಡೆ.

ಮುಂದಿನ ಶುಕ್ರವಾರ ಆಡೋಣವೇ ಎಂದು ನಾನೇ ಕೇಳಿದೆ. ಮಗಳ ಮುಖ ಅರಳಿತು. ಆ ದಿನ ಒಂದೇ ಗೋಲಿನಿಂದ ಸೋತೆ. ಮರುವಾರ ಸಮ. ಅದರ ಮರುವಾರ ಗೆದ್ದೇಬಿಟ್ಟೆ. ನನ್ನ ಗೋಲ್‌ಕೀಪರ್ ಕಂಡಕಂಡ ಚೆಂಡನ್ನೆಲ್ಲ ಹಿಡಿಯುತ್ತಿದ್ದ. ಆಟಕ್ಕೆ ಮೊದಲು ಪರದೆಯಲ್ಲಿ ನನ್ನ ತಂಡದ ಕೆಳಗೆ ಒಂದು ಹಸಿರು ಪಟ್ಟಿ ಪೂರ್ತಿ ತುಂಬಿರುತ್ತಿತ್ತು, ಅವಳದ್ದು ಖಾಲಿ. ತಲೆ ಓಡಿಸಿ ಆಡುವವನಿಗೆ ಯಂತ್ರ ಕೊಡುವ ಮರ್ಯಾದೆ ಅದು ಎಂದು ತೀರ್ಮಾನಿಸಿದೆ. ಅಲ್ಲಿ ಬರೆದದ್ದನ್ನು ಓದಲು ಬರುತ್ತಿರಲಿಲ್ಲ, ಯಾಕೆಂದರೆ ನಾವು ಕೊಂಡ ಡಿಸ್ಕಿನ ಮೆನುಗಳೆಲ್ಲ ಅರಬಿಯಲ್ಲಿದ್ದವು. ಹನ್ನೆರಡು ವರ್ಷದಲ್ಲಿ ನಾನು ಅರಬಿಯಲ್ಲಿ ಚೌಕಾಶಿ ಮಾಡಲು ಕಲಿತಿದ್ದೆ, ಅಕ್ಷರ ಕಲಿತಿರಲಿಲ್ಲ. ಶಾಲೆಯಲ್ಲಿ ಅರಬಿ ಓದುತ್ತಿದ್ದ ಮಗಳೇ ಪ್ರತಿ ಸಲ ಆಟ ಹಚ್ಚಿಕೊಡುತ್ತಿದ್ದಳು.

ನನ್ನ ಸಿದ್ಧಾಂತ ಇಗರ್ಜಿಯ ಅಂಗಳಕ್ಕೂ ಹೋಯಿತು. ಮಕ್ಕಳ ಕೈಯಲ್ಲಿ ಸೋಲುತ್ತಿದ್ದ ಇಬ್ಬರು ಅಪ್ಪಂದಿರಿಗೆ ಪೂಜೆ ಮುಗಿದ ಮೇಲೆ ಉಪದೇಶ ಮಾಡಿದೆ. ಪಾಪ, ಅವರು ಮನೆಗೆ ಹೋಗಿ ಓಡುವ ಬಟನ್ ಬಿಟ್ಟು ಆಡಿ ಇನ್ನೂ ಹೀನಾಯವಾಗಿ ಸೋತರು. ನಿಮಗೆ ತಾಳ್ಮೆ ಸಾಲದು ಎಂದೆ.

ಸಾಕ್ಷಿ ಇರಲಿ ಎಂದು ಆ ಹಸಿರು ಪಟ್ಟಿಯ ಫೋಟೋ ತೆಗೆದು, ಆಫೀಸಿನಲ್ಲಿ ಪಕ್ಕದ ಮೇಜಿನ ಬಹ್ರೇನಿ ಸಹೋದ್ಯೋಗಿಗೆ ತೋರಿಸಿದೆ. ಅವನು ಓದಿ ಗಹಗಹಿಸಿ ನಕ್ಕ. ಅಲ್ಲಿ ಬರೆದಿದ್ದದ್ದು, ಎರಡನೇ ಆಟಗಾರನಿಗೆ ನೆರವು, ಪೂರ್ತಿ ಎಂದು. ದುರ್ಬಲ ಆಟಗಾರರಿಗೆಂದೇ ಆಟ ಕಟ್ಟಿದವರು ಇಟ್ಟ ಸೌಲಭ್ಯವಂತೆ. ತಾನಾಗಿ ಬರುವುದಿಲ್ಲ, ಯಾರಾದರೂ ಸೆಟ್ಟಿಂಗ್ಸಿನೊಳಗೆ ಹೋಗಿ ಏರಿಸಬೇಕು. ನಿನ್ನ ಎದುರು ಆಡುವುದು ಯಾರು ಎಂದು ಕೇಳಿದ. ಮಗಳು ಎಂದೆ. ಅವನ ನಗು ನಿಂತಿತು. ಎದೆಯ ಮೇಲೆ ಕೈಯಿಟ್ಟು, ಮೆಚ್ಚಿಗೆಯಿಂದ ಮಾಶಾಲ್ಲಾ ಎಂದ.

ಆ ಶುಕ್ರವಾರ ಅವಳು ಆಟ ಹಚ್ಚುವ ಮೊದಲೇ ಕೇಳಿದೆ, ಯಾಕೆ ಹೀಗೆ ಮಾಡಿದೆ ಎಂದು. ಸಿಟ್ಟಿನಿಂದ ಕೇಳಿದ್ದಲ್ಲ, ಆದರೂ ಅವಳು ತಲೆ ತಗ್ಗಿಸಿದಳು.

"ಡ್ಯಾಡಿ, ನೀವು ಅವತ್ತು ಇನ್ನು ಆಡುದಿಲ್ಲ ಅಂತ ಹೇಳಿದ್ರಲ್ಲ? ನಾನು ಗೆದ್ರೆ ನೀವು ಎದ್ದು ಹೋಗ್ತೀರಿ. ಮತ್ತೆ ನಾನು ಯಾರೊಟ್ಟಿಗೆ ಆಡುದು?"

ಹೆದರಿಕೆ ನನ್ನೊಬ್ಬನದೇ ಎಂದುಕೊಂಡಿದ್ದೆ. ನೆರವು ತೆಗೆದುಬಿಡು ಎಂದೆ, ಅವಳು ಒಪ್ಪಲಿಲ್ಲ. ಚೌಕಾಶಿ ಮಾಡಿ ಕೊನೆಗೆ ಅರ್ಧಕ್ಕೆ ರಾಜಿಯಾದೆವು.

ಅರ್ಧ ನೆರವಿನಲ್ಲಿ ಮೂರು ಗೋಲಿನಿಂದ ಸೋತೆ. ಸೀಟಿ ಊದಿದ ಮೇಲೆ ಅವಳು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಾನು ಕಂಟ್ರೋಲರ್ ಕೆಳಗಿಡದೆ, ಇನ್ನೊಂದು ಆಟ ಹಚ್ಚು ಎಂದೆ.