ಗಾಳದ ಮಣಿ ಕಲಿಸಿದ ದೊಡ್ಡಮ್ಮ

ಮೊನ್ನೆ ನನ್ನ ಒಡೆದ ಹಿಮ್ಮಡಿಗೆ ಹಚ್ಚಲೆಂದು ಸೊಸೆ ಜೇನುಮೇಣ ಕರಗಿಸುತ್ತಿದ್ದಳು. ಆ ವಾಸನೆ ನಡುಮನೆಗೆ ಬರುತ್ತಲೇ ಎದುರು ಮನೆಯ ದೊಡ್ಡಮ್ಮ ನೆನಪಾದರು. ದಾರಕ್ಕೆ ಮೇಣ ಉಜ್ಜಿ ಉಜ್ಜಿ ಅವರ ಬೆರಳುಗಳೂ ಹೀಗೇ ಘಮ್ಮೆನ್ನುತ್ತಿದ್ದವು...

ಐವತ್ತರ ದಶಕ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ನಾನು ಮದುವೆಯಾಗಿ ಬಂದ ಹೊಸತು. ದೊಡ್ಡಮ್ಮ ಊಟಿಯಲ್ಲಿ ಒಬ್ಬ ದೊರೆಸಾನಿಯ ಬಂಗಲೆಯಲ್ಲಿದ್ದು ಬಂದವರು. ದೊರೆಸಾನಿಗೆ ಮೀನು ಹಿಡಿಯುವ ಹುಚ್ಚು. ಸಣ್ಣ ಕೊಕ್ಕೆಗೆ ಕೋಳಿಪುಕ್ಕ, ರೇಷ್ಮೆದಾರ ಸುತ್ತಿ ಮೀನಿನ ಕಣ್ಣಿಗೆ ನೊಣದಂತೆ ಕಾಣುವ ಗಾಳ ಕಟ್ಟುವುದನ್ನು ದೊಡ್ಡಮ್ಮ ಆಕೆಯಿಂದಲೇ ಕಲಿತಿದ್ದರು. ಊರಿಗೆ ಬಂದ ಮೇಲೂ ಕಟ್ಟಿ, ಬಸ್ಸಿನವರ ಕೈಯಲ್ಲಿ ಊಟಿಯ ಅಂಗಡಿಗೆ ಕಳಿಸುತ್ತಿದ್ದರು. ನಾನು ಮೀನು ತಿನ್ನದ ಮನೆಯ ಸೊಸೆ. ಆದರೂ ಮಧ್ಯಾಹ್ನಗಳಲ್ಲಿ ಅವರ ಜಗಲಿಯಲ್ಲಿ ಕೂತು ಕಲಿಯತೊಡಗಿದೆ. ಆ ಬೀದಿಯಲ್ಲಿ ನನ್ನನ್ನು "ಉಂಡ್ಯಾ?" ಎಂದು ಕೇಳುತ್ತಿದ್ದವರು ಅವರೊಬ್ಬರೇ.

ನೊಣದ ತಲೆಯ ಜಾಗಕ್ಕೆ ಒಂದು ಮಣಿ ಬೇಕು. ಅದರ ಭಾರಕ್ಕೆ ಗಾಳ ನೀರೊಳಗೆ ಇಳಿಯುತ್ತದೆ. ತವರಿಗೆ ಹೋದಾಗ ಬಳೆ ಅಂಗಡಿಯಲ್ಲಿ ಹೊಳೆಯುವ ಕೆಂಪು ಮಣಿಗಳನ್ನು ಆರಿಸಿ ತಂದೆ. ದೊಡ್ಡಮ್ಮ ನಕ್ಕರು.

"ಇದ ಮೀನ್ಗೆ ತಂದ್ಯಾ, ನಿನ್ ಕತ್ಗೆ ತಂದ್ಯಾ ಅಮ್ಮಿ? ತೂತು ನೋಡು. ಕೊಕ್ಕೆ ಬಾಗ್ನ ದಾಟ್ಬೇಕು, ತುದೀಲಿರೋ ಉಂಗ್ರದತ್ರ ನಿಂತ್ಕೋಬೇಕು. ಇದು ಜಾರ್ಕೊಂಡ್ ಓಯ್ತದೆ ಬುಡು."

ಆ ನಗು ನನಗೆ ಚುಚ್ಚಲಿಲ್ಲ. ಅದು ನನ್ನೊಬ್ಬಳಿಗಾಗಿ ನಕ್ಕ ನಗುವಾಗಿತ್ತು.

ಆಮೇಲೆ ಮೈದುನನ ಮದುವೆಯಾಯಿತು. ವಾರಗಿತ್ತಿ ಮನೆಗೆ ಬಂದಳು, ನನ್ನ ಹಿಂದೆಯೇ ಆ ಜಗಲಿಗೂ ಬಂದಳು. ಮೊದಲ ದಿನವೇ ಮಣಿಗಳ ರಾಶಿಯಿಂದ ಸಾಸಿವೆಗಿಂತ ತುಸು ದೊಡ್ಡದಾದ, ಹೊಳಪೇ ಇಲ್ಲದ ಕಂದು ಮಣಿಯೊಂದನ್ನು ಎತ್ತಿದಳು. ಅದು ಕೊಕ್ಕೆಯ ಬಾಗು ದಾಟಿ ಉಂಗುರದ ಬಳಿ ಸರಿಯಾಗಿ ನಿಂತಿತು.

"ನಿನ್ ಕಣ್ಣೇ ಕಣ್ಣು ಕಣಮ್ಮಿ!" ಎಂದು ದೊಡ್ಡಮ್ಮ ಅವಳ ಗಲ್ಲ ಹಿಡಿದರು.

ನನ್ನ ಗಲ್ಲವನ್ನು ಅವರು ಎಂದೂ ಹಿಡಿದಿರಲಿಲ್ಲ. ಅಂದಿನಿಂದ ಪ್ರತಿಯೊಂದು ಗಾಳವನ್ನೂ ಅವಳದಕ್ಕಿಂತ ಚೆನ್ನಾಗಿರಲೆಂದೇ ಕಟ್ಟಿದೆ. ಚೆನ್ನಾಗಿಯೂ ಬಂತು. ದೊಡ್ಡಮ್ಮ ತಿರುಗಿಸಿ ನೋಡಿ "ಊಂ, ಇರ್ಲಿ" ಎನ್ನುವರು, ಹಿಂದೆಯೇ, "ಎಲ್ಲವ್ಳೆ ಅವ್ಳು?"...

ದೊರೆಸಾನಿಗೆ ಕಾಯಿಲೆಯೆಂದು ಕರೆ ಬಂದು ದೊಡ್ಡಮ್ಮ ಊಟಿಗೆ ಹೊರಟರು. ಹೊರಡುವಾಗ ಮಣಿಯ ಡಬ್ಬಿಯನ್ನು ವಾರಗಿತ್ತಿಯ ಕೈಗಿಟ್ಟರು. ನನಗೆ, "ಅವ್ಳ ಚೆಂದಾಗಿ ನೋಡ್ಕೊ" ಎಂದರು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ನಾನು ಅಳುತ್ತಿದ್ದಾಗ ವಾರಗಿತ್ತಿ ಡಬ್ಬಿ ತಂದು ಮುಂದಿಟ್ಟಳು.

"ನೀನೇ ಮಡಿಕ್ಕೊ ಅಕ್ಕ. ನಂಗ್ಯಾಕೆ?"

"ನಿಂಗ್ ಕೊಟ್ಟವ್ರೆ. ನಂಗ್ ಬ್ಯಾಡ."

ಅವಳು ಕೊಟ್ಟರೆ ಅವು ಬರೀ ಮಣಿಗಳು. ನನಗೆ ಬೇಕಿದ್ದದ್ದು ದೊಡ್ಡಮ್ಮ ಕೊಡುವುದು.

ಅವರು ಹಿಂತಿರುಗಲಿಲ್ಲ. ಮಳೆಗಾಲದಲ್ಲಿ ದೊಡ್ಡಮ್ಮನ ಸಾವಿನ ಸುದ್ದಿ ಬಂತು. ವಾರಗಿತ್ತಿ ಬೀದಿಗೆಲ್ಲ ಕೇಳುವಂತೆ ಅತ್ತಳು. ಹೆಂಗಸರು ಬಂದು ಅವಳನ್ನು ತಬ್ಬಿ ಸಮಾಧಾನ ಮಾಡಿದರು. ಅವಳಿಗಿಂತ ಮೊದಲೇ ದೊಡ್ಡಮ್ಮನನ್ನು ಬಲ್ಲವಳು ನಾನು. ನನ್ನ ಬಳಿಗೆ ಯಾರೂ ಬರಲಿಲ್ಲ. ಅವಳ ಅಳುವನ್ನು ಕಂಡೂ ನನಗೆ ಹೊಟ್ಟೆಯುರಿಯಿತು.

ಹೋದ ವರ್ಷ ವಾರಗಿತ್ತಿಯೂ ತೀರಿಕೊಂಡಳು. ಕಡೆಯವರೆಗೂ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು; ದೊಡ್ಡಮ್ಮನ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಈಗ ಎತ್ತಬೇಕೆನಿಸುತ್ತದೆ. ಆದರೆ ಅವರನ್ನು ಕಂಡವಳು ಈ ಬೀದಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅಂತೂ ದೊಡ್ಡಮ್ಮ ನನ್ನೊಬ್ಬಳವರೇ ಆದರು... ಅದಕ್ಕೆ ಹೊಟ್ಟೆಕಿಚ್ಚು ಪಡುವವರು ಯಾರೂ ಇಲ್ಲ.